ಪಾಳಿ ಯಾರ್ದು?

ಕಳೆದ ತಿಂಗಳು ಕುರುಗೋಡಿನಲ್ಲಿ ನಮ್ಮ ಹೆಡ್‌ಮೇಡಂ ಅವರ ನಿವೃತ್ತಿ ಸಮಾರಂಭವಿತ್ತು. ಹಳೇ ವಿದ್ಯಾರ್ಥಿನಿ ಎಂದು ನನಗೂ ಮೂರು ನಿಮಿಷ ಮಾತಾಡಲು ಕೊಟ್ಟಿದ್ದರು. ನನಗಿಂತ ಮೊದಲು ಮೈಕು ಹಿಡಿದ ಗಣ್ಯರೊಬ್ಬರು, ಸ್ತ್ರೀ ಎಂದರೆ ತಾಯಿ, ಭೂಮಿಯೂ ತಾಯಿ, ನದಿಯೂ ತಾಯಿ, ಗೋವೂ ತಾಯಿ ಎಂದು ಲೋಕದ ತಾಯಂದಿರನ್ನೆಲ್ಲ ಸುತ್ತಿ ಬಂದು, ಕೊನೆಗೆ ಮೇಡಂ ಹೆಸರನ್ನೇ ತಪ್ಪು ಹೇಳಿ ಕೂತರು. ಅಷ್ಟರಲ್ಲಿ ನನ್ನ ಮೂರು ನಿಮಿಷವನ್ನೂ ಅವರೇ ನುಂಗಿ ನೀರು ಕುಡಿದಿದ್ದರು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆಯಲೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅವರು ಅಂದದ್ದಿಷ್ಟು: “ಹೆಸ್ರು ಯಾಕಲೇ? ನನ್ನ ಹೆಸರಿನವ್ರು ಬಳ್ಳಾರಿ ಜಿಲ್ಲಾದಾಗ ಓಣಿಗೊಬ್ರು ಅದಾರ. ಕೆಲಸ ಬರಿ, ಸಾಕು. ಸುಳ್ಳು ಸೇರಸ್ಬ್ಯಾಡ. ಸೇರಸ್ಲೇಬೇಕು ಅಂದ್ರ, ನಾನು ಜರಾ ತೆಳ್ಳಗಿದ್ದೆ ಅಂತ ಸೇರ್ಸು.”

ತೆಳ್ಳಗೇನೂ ಇರಲಿಲ್ಲ. ಗಟ್ಟಿಮುಟ್ಟಾದ ಮೈ, ಗುಂಡು ಮುಖ, ಮೂಗಿನ ತುದಿಗೆ ಜಾರುವ ಕನ್ನಡಕ, ಹಣೆಯ ಮೇಲೆ ವಿಭೂತಿ. ಸೆರಗನ್ನು ಬೆಳಿಗ್ಗೆ ಸೊಂಟಕ್ಕೆ ಸಿಕ್ಕಿಸಿದರೆ ಸಂಜೆ ಬಸ್ಸು ಹತ್ತುವಾಗಲೇ ಬಿಡಿಸುತ್ತಿದ್ದದ್ದು. ನಮ್ಮೂರು ಸಿರುಗುಪ್ಪ ತಾಲ್ಲೂಕಿನಲ್ಲಿ, ಹಚ್ಚೊಳ್ಳಿ ಕಡೆ. ಸುತ್ತ ಭತ್ತದ ಗದ್ದೆ, ನಡುವೆ ಕಾಲುವೆ, ಕಾಲುವೆಯ ಏರಿಯ ಪಕ್ಕದಲ್ಲೇ ಹೈಸ್ಕೂಲು. ಅವರು ಹುಟ್ಟಿದ್ದು ಕುರುಗೋಡಿನಲ್ಲಿ. ಆಗ ಸಿರುಗುಪ್ಪದಲ್ಲಿ ಮನೆ ಮಾಡಿಕೊಂಡು ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಗಣಿತ ಕಲಿಸುತ್ತಿದ್ದರು. ವ್ಯಾನಿಟಿ ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರು, ಒಂದು ಟೆಸ್ಟರು ಯಾವಾಗಲೂ ಇರುತ್ತಿದ್ದವು. ಯಜಮಾನರು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವರಿಂದ ಇವರು ವೈರಿಂಗ್ ಕಲಿತಿದ್ದರು, ಇವರಿಂದ ಅವರು ರೊಟ್ಟಿ ಬಡಿಯುವುದನ್ನು ಕಲಿತಿದ್ದರು. ಯಾರು ಹೆಚ್ಚು ಚೆನ್ನಾಗಿ ಕಲಿತರು ಎಂಬ ಜಗಳ ಆ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ.

ನನ್ನ ಅಪ್ಪ ಅವರನ್ನು ಮೊದಲು ನೋಡಿದ ಕತೆ ನಮ್ಮ ಮನೆಯಲ್ಲಿ ನೂರು ಸಲ ಆಗಿದೆ, ನೂರೊಂದನೆಯ ಸಲ ಕೇಳಿ. ಹೊಸ ಹೆಡ್‌ಮಾಸ್ಟರ್ ಬಂದಿದ್ದಾರಂತೆ, ಮಾತಾಡಿಸಿ ಬರೋಣ ಎಂದು ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಹೆಗಲಿಗೆ ಟವೆಲು ಏರಿಸಿಕೊಂಡು ಶಾಲೆಗೆ ಹೋದ. ಆಫೀಸಿನಲ್ಲಿ ಕುರ್ಚಿ ಖಾಲಿ. ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು ಟ್ಯೂಬ್‌ಲೈಟ್ ಬಿಚ್ಚುತ್ತಿದ್ದಾಳೆ.

“ಏ ಬಾಯಿ, ಹೆಡ್‌ಮಾಸ್ಟರು ಎಲ್ಲಿ ಅದಾರ?”

“ಸ್ಟೂಲಿನ ಮ್ಯಾಲೆ ಅದಾರ. ಜರಾ ಹಿಡೀರಿ, ಅಳ್ಳಾಡಾಕ ಹತ್ತೈತಿ. ಬಿದ್ರ ನಿಮ್ಮೂರಿಗೆ ಮತ್ತೊಬ್ರು ಬರಾಕ ವರ್ಷ ಹಿಡಿತೈತಿ.”

ಅಪ್ಪ ಇಸ್ತ್ರಿ ಅಂಗಿಯಲ್ಲೇ ಬಗ್ಗಿ ಸ್ಟೂಲು ಹಿಡಿದ. ಲೈಟು ಹತ್ತಿದ ಮೇಲೆ ಅವರು ಇಳಿದು, ಕೈ ಒರೆಸಿಕೊಂಡು, ಕುರ್ಚಿಯಲ್ಲಿ ಕೂತು, “ಈಗ ಹೇಳ್ರಿ, ಹೆಡ್‌ಮಾಸ್ಟರ್ ಹತ್ರ ಏನು ಕೆಲಸ ಇತ್ತು?” ಅಂದರು. ಅಪ್ಪನಿಗೆ ಬಂದ ಕೆಲಸವೇ ಮರೆತುಹೋಗಿತ್ತು. ಮನೆಗೆ ಬಂದು ಅವ್ವನ ಮುಂದೆ, “ಆಕಿ ಹೆಣ್ಣೋ ಲೈನ್‌ಮನ್ನೋ ತಿಳಿವಲ್ದು” ಅಂದ. ಅವ್ವ ಅವತ್ತು ರಾತ್ರಿ ನನ್ನನ್ನು ಕರೆದು, “ಖರೇನೇ ಸ್ಟೂಲ್ ಮ್ಯಾಲೆ ನಿಂತಿದ್ರಂತೇನು?” ಎಂದು ಎರಡೆರಡು ಸಲ ಕೇಳಿದಳು.

ಅವರು ಬರುವ ಮುಂಚೆ ನಮ್ಮ ಶಾಲೆಯಲ್ಲಿ ಒಂದು ವ್ಯವಸ್ಥೆ ಇತ್ತು. ಅದನ್ನು ಯಾರೂ ಮಾಡಿದ್ದಲ್ಲ, ತಾನಾಗಿಯೇ ಇತ್ತು. ಹುಡುಗಿಯರು ಕಸ ಹೊಡೆಯುವುದು, ನೀರು ತುಂಬುವುದು, ರಂಗೋಲಿ ಹಾಕುವುದು, ಸಾಹೇಬರು ಬಂದರೆ ಆರತಿ ತಟ್ಟೆ ಹಿಡಿದು ನಿಲ್ಲುವುದು. ಹುಡುಗರು ಗಂಟೆ ಬಾರಿಸುವುದು, ಪ್ರಾರ್ಥನೆಯಲ್ಲಿ ಸಾಲು ಹಿಡಿಸುವುದು, ಕ್ಲಾಸ್ ಲೀಡರ್ ಆಗುವುದು, ಸಾಹೇಬರಿಗೆ ಹಾರ ಹಾಕಿ ಫೋಟೋದಲ್ಲಿ ಬೀಳುವುದು. ಮೇಡಂ ಒಂದು ವಾರ ಸುಮ್ಮನೆ ನೋಡಿದರು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಕೇಳಿದರು: “ನಿಮ್ಮಪ್ಪ ಹೊಲಕ್ಕ ನೀರು ಹೆಂಗ ಬಿಟ್ಕಂತಾನ?”

“ಪಾಳಿ ಮ್ಯಾಲ್ರೀ!” ಎಂದು ನಾವೆಲ್ಲ ಒಕ್ಕೊರಲಲ್ಲಿ ಕೂಗಿದೆವು. ಕಾಲುವೆ ಊರಿನ ಮಕ್ಕಳಿಗೆ ಅದನ್ನು ಕಲಿಸಬೇಕೇ? ತೂಬಿನ ನೀರು ಒಬ್ಬೊಬ್ಬರ ಹೊಲಕ್ಕೆ ಸರದಿಯ ಮೇಲೆ ಹೋಗಬೇಕು, ಆ ಸರದಿಗೇ ಪಾಳಿ ಅನ್ನುವುದು. ತೂಬಿನ ಹತ್ತಿರದ ಹೊಲದವರು ತಮ್ಮ ಪಾಳಿ ಮುಗಿದರೂ ನೀರು ಬಿಡುವುದಿಲ್ಲ, ಕೊನೆಯ ಹೊಲದವರು ಕೂಗಾಡಿ ಗಂಟಲು ಹರಿದುಕೊಳ್ಳುತ್ತಾರೆ. ನಮ್ಮ ಹೊಲ ಕೊನೆಯದು. ನಮ್ಮಪ್ಪನ ಗಂಟಲು ಅದಕ್ಕೇ ಅಷ್ಟು ದೊಡ್ಡದು.

“ಹಂಗಾದ್ರ ಸಾಲಿಯಾಗೂ ಪಾಳಿ” ಅಂದರು ಮೇಡಂ. ಕಸಕ್ಕೂ ಪಾಳಿ, ಗಂಟೆಗೂ ಪಾಳಿ, ರಂಗೋಲಿಗೂ ಪಾಳಿ, ಲೀಡರಿಗೂ ಪಾಳಿ. ಹಾಜರಿಯಲ್ಲಿ ಹೆಸರು ಹೇಗಿದೆಯೋ ಹಾಗೆ. ಅಂದಿನಿಂದ ಯಾರು ಏನು ತಕರಾರು ತಂದರೂ ಅವರ ಬಾಯಲ್ಲಿ ಒಂದೇ ಪ್ರಶ್ನೆ: “ಪಾಳಿ ಯಾರ್ದು?”

ನನ್ನ ಮೊದಲ ಗಂಟೆ ನನಗೆ ಚೆನ್ನಾಗಿ ನೆನಪಿದೆ. ಗಂಟೆ ಅಂದರೆ ಬೇವಿನ ಮರಕ್ಕೆ ನೇತುಹಾಕಿದ ಒಂದು ರೈಲು ಕಂಬಿಯ ತುಂಡು, ಅದಕ್ಕೊಂದು ಕಬ್ಬಿಣದ ಸರಳು. ಎರಡನೇ ಪೀರಿಯಡ್ಡಿಗೆ ಎರಡು ಪೆಟ್ಟು ಹೊಡೆಯಬೇಕಿತ್ತು. ಹೊಡೆದೆ. ಆಹಾ, ಎಂಥ ಸದ್ದು! ಕಾಲುವೆಯ ಆಚೆ ದಡಕ್ಕೆ ಹೋಗಿ ತಿರುಗಿ ಬಂತು. ಇಷ್ಟು ದಿನ ಈ ಖುಷಿಯನ್ನು ಈ ಹುಡುಗರಷ್ಟೇ ತಿಂದರಲ್ಲ ಎಂಬ ಸಿಟ್ಟಿಗೋ ಏನೋ, ಕೈ ನಿಲ್ಲಲೇ ಇಲ್ಲ. ಹೊಡೆದೆ, ಹೊಡೆದೆ, ಹೊಡೆಯುತ್ತಲೇ ಇದ್ದೆ. ಶಾಲೆ ಬಿಟ್ಟಿತೆಂದು ಮಕ್ಕಳೆಲ್ಲ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಓಡಿಬಂದರು. ಮೇಡಂ ನನ್ನ ಕೈಯಿಂದ ಸರಳು ತೆಗೆದುಕೊಂಡು, “ಆತೇನು ಸಮಾಧಾನ?” ಅಂದರು. ಆಯಿತು ಎಂದು ತಲೆ ಆಡಿಸಿದೆ. “ನಾಳೆ ಮತ್ತ ಎರಡ ಪೆಟ್ಟು” ಎಂದು ಹೇಳಿ ಮಕ್ಕಳನ್ನೆಲ್ಲ ಒಳಗೆ ಅಟ್ಟಿದರು. ನನಗೆ ಬೈಯಲಿಲ್ಲ.

ಹುಡುಗರ ರಂಗೋಲಿಯಂತೂ ದೇವರಿಗೇ ಪ್ರೀತಿ. ಮೊದಮೊದಲು ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ಒಬ್ಬ ಹುಡುಗನ ತಾಯಿ, “ನನ್ನ ಮಗನ ಕೈಲಿ ಕಸ ಹೊಡಿಸ್ತೀರೇನ್ರಿ? ಗಂಡು ಹುಡುಗ ಅವ!” ಎಂದು ಸೊಂಟಕ್ಕೆ ಕೈಯಿಟ್ಟು ಬಂದಳು. ಮೇಡಂ ಅವಳನ್ನು ಕೂಡಿಸಿ ಮಜ್ಜಿಗೆ ಕೊಟ್ಟು, “ಯವ್ವಾ, ಯಾರು ಹೊಡದ್ರು ಅಂತ ಕಸಕ್ಕ ಗೊತ್ತಾಗಂಗಿಲ್ಲ. ಮನಿಯಾಗ ನಿಮ್ಮ ಸೊಂಟ ನೋಯಂಗಿಲ್ಲೇನು?” ಅಂದರು. ಆಕೆ ಮಜ್ಜಿಗೆ ಕುಡಿದು ಮುಗಿಸಿ, “ಮನಿಯಾಗೂ ಅಂವಂಗ ಪಾಳಿ ಹಚ್ಚಬೌದೇನ್ರಿ?” ಎಂದು ಕೇಳಿ ಹೋದಳು.

ಪಿ.ಟಿ. ಮೇಷ್ಟ್ರ ಕತೆ ಬೇರೆ. ಅವರು ಒಳ್ಳೆಯವರು, ಬಾಯಿ ಮಾತ್ರ ಸುಮಾರು. ಹುಡುಗರು ಓಡುವುದರಲ್ಲಿ ಹಿಂದೆ ಬಿದ್ದರೆ “ಬಳಿ ಹಾಕ್ಕಳ್ರಲೇ!” ಎಂದು ಮೈದಾನ ನಡುಗುವಂತೆ ಬೈಯುತ್ತಿದ್ದರು. ಆ ವರ್ಷ ಮೋಕ ಎಂಬ ಊರಿನಲ್ಲಿ ನಡೆದ ಖೋ-ಖೋದಲ್ಲಿ ನಮ್ಮ ಹುಡುಗರು ಮೊದಲ ಆಟಕ್ಕೇ ಗಂಟುಮೂಟೆ ಕಟ್ಟಿದರು, ಹುಡುಗಿಯರು ಕಪ್ ತಂದರು. ಮರುದಿನ ಸ್ಟಾಫ್ ರೂಮಿನಲ್ಲಿ ಮೇಡಂ ಕಪ್ಪನ್ನು ಮೇಷ್ಟ್ರ ಮುಂದೆ ಇಟ್ಟು, “ಸರ್, ನೀವು ಹೇಳಿದ್ದು ಖರೆ ಐತಿ. ಬಳಿ ಹಾಕ್ಕಂಡವ್ರೇ ಗೆದ್ದು ಬಂದಾರ. ಹುಡುಗ್ರಿಗೂ ತರಸೂಣೇನು?” ಅಂದರು. ಮೇಷ್ಟ್ರು ತಲೆ ಕೆರೆದುಕೊಂಡು ನಕ್ಕುಬಿಟ್ಟರು. ಆಮೇಲೆ ಆ ಬೈಗುಳ ಮೈದಾನದಲ್ಲಿ ಕೇಳಿಸಲಿಲ್ಲ, ಬೇರೆ ಬೈಗುಳಗಳು ಧಾರಾಳವಾಗಿ ಕೇಳಿಸಿದವು. ಅದುವರೆಗೆ ಸ್ಟಾಫ್ ರೂಮಿನ ಚಹಾ ಮಾಡುತ್ತಿದ್ದದ್ದು ಹೆಣ್ಣು ಟೀಚರುಗಳೇ. ಅದಕ್ಕೂ ಪಾಳಿ ಬಂದಾಗ ಮೇಷ್ಟ್ರು ಮೊದಲ ದಿನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಸುರಿದರು. ಪಾಳಿ ಅಂದಮೇಲೆ ಪಾಳಿ ಎಂದು ಎಲ್ಲರೂ ಮುಖ ಕಿವುಚಿಕೊಂಡು ಕುಡಿದರು.

ಮೇಡಂಗೆ ತಪ್ಪುಗಳೇ ಇರಲಿಲ್ಲ ಎಂದು ತಿಳಿಯಬೇಡಿ. ಸಿಟ್ಟು ಮೂಗಿನ ತುದಿಯಲ್ಲೇ, ಕನ್ನಡಕದ ಜೊತೆ. ಸೋಲೊಪ್ಪುವ ಜಾಯಮಾನವೇ ಅಲ್ಲ. ದೊಡ್ಡ ವಯಸ್ಸಿನಲ್ಲಿ ಸ್ಕೂಟಿ ಕಲಿತು ಶಾಲೆಯ ಗೇಟಿಗೆ ಗುದ್ದಿ, “ಗೇಟು ಇಲ್ಲಿ ಇಡಬಾರದಿತ್ತು” ಅಂದವರು. ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಬಳಿ ಒಂದು ಒಗ್ಗರಣೆ ಮಂಡಕ್ಕಿ-ಮಿರ್ಚಿ ಅಂಗಡಿ. ಅಲ್ಲಿ ಬೆಂಚಿನ ಮೇಲೆ ಗಂಡಸರು ಕೂತು ತಿನ್ನುವುದು, ಹೆಂಗಸರು ಪೊಟ್ಟಣ ಕಟ್ಟಿಸಿಕೊಂಡು ಹೋಗುವುದು ರೂಢಿ. ಮೇಡಂ ಹೋಗಿ ಬೆಂಚಿನ ನಡುವೆ ಕೂತು, “ಬಿಸಿ ಮಿರ್ಚಿ ಪೊಟ್ಟಣದಾಗ ಮೆತ್ತಗಾಗ್ತೈತಿ, ಇಲ್ಲೇ ಕೊಡಪ್ಪ” ಅನ್ನುತ್ತಿದ್ದರು. ಪಕ್ಕದವರು ಎರಡು ದಿನ ಎದ್ದು ನಿಂತರು, ಮೂರನೇ ದಿನ ಸರಿದು ಜಾಗ ಕೊಟ್ಟರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಮೆಚ್ಚಿಕೊಂಡು, “ಮೇಡಂ, ನಿಮ್ಮದು ಗಂಡೆದೆ ಬಿಡ್ರಿ” ಅಂದಾಗ ಇವರು, “ಸರ್, ಧೈರ್ಯ ನಂದ ಐತ್ರಿ. ಯಾರ ಹತ್ರಾನೂ ಕಡ ತಗಂಡಿಲ್ಲ” ಎಂದು ನಗುತ್ತಲೇ ಚಹಾ ಮುಂದಿಟ್ಟರು.

ಇಷ್ಟಾದರೂ ನಾನು ಹೇಳಬೇಕಾದ ಮುಖ್ಯ ಮಾತು ಇನ್ನೂ ಬಂದಿಲ್ಲ. ಅದು ನನ್ನ ಅವ್ವನದು, ನನ್ನದು.

ನಾನಾಗ ಹತ್ತನೇತ್ತ, ಅಂದರೆ ಹತ್ತನೇ ತರಗತಿ. ಹತ್ತಾದ ಮೇಲೆ ನನ್ನ ಓದು ಮುಗಿಯಿತು ಎಂದು ಅಪ್ಪ ಮೊದಲೇ ತೀರ್ಮಾನಿಸಿಬಿಟ್ಟಿದ್ದ. ನನಗೆ ಬಳ್ಳಾರಿಗೆ ಹೋಗಿ, ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದುವ ಆಸೆ. ಮಾತು ಎತ್ತಿದರೆ, “ಹುಡುಗಿ ಓದಿ ಯಾವ ದರ್ಬಾರ ಮಾಡಬೇಕಾಗೈತಿ?” ಎಂಬ ಒಂದೇ ಉತ್ತರ. ಅಪ್ಪ ಕೆಟ್ಟವನಲ್ಲ. ಸಂತೆಯಿಂದ ನನಗೆ ಬಳೆ, ರಿಬ್ಬನ್ನು ತರುವುದನ್ನು ಒಂದು ದಿನವೂ ಮರೆತವನಲ್ಲ. ಆದರೆ ಊರಲ್ಲಿ ಎಲ್ಲರೂ ಮಾಡಿದ್ದನ್ನೇ ಅವನೂ ಮಾಡುತ್ತಿದ್ದ. ಅವ್ವನಿಗೆ ನನ್ನನ್ನು ಓದಿಸುವ ಮನಸ್ಸಿತ್ತು, ನನಗದು ಗೊತ್ತಿತ್ತು. ಆದರೆ ಅವಳ ಮಾತಿಗೆ ಮನೆಯಲ್ಲಿ ಬೆಲೆ ಸಾರಿನ ಉಪ್ಪಿನಷ್ಟೇ: ಇದ್ದರೆ ಯಾರೂ ಕೇಳುತ್ತಿರಲಿಲ್ಲ.

ಅದೇ ವರ್ಷ ಶಾಲೆಯ ಸಮಿತಿಗೆ ಅಧ್ಯಕ್ಷರನ್ನು ಆರಿಸಬೇಕಾಗಿ ಬಂತು. ಈ ಸಲ ಹೆಣ್ಣುಮಗಳೇ ಆಗಬೇಕು ಎಂದಾಯಿತು. ಅಪ್ಪ ತಕ್ಷಣ ಅವ್ವನ ಹೆಸರು ಕೊಟ್ಟ. ಅಂದರೆ ತಾನೇ ಅಧ್ಯಕ್ಷನಾದ. ಊರಿನವರು ಮನೆಗೆ ಬಂದು ಹಾರ ಹಾಕಿದ್ದೂ ಅಪ್ಪನಿಗೇ. ಅವ್ವ ಒಳಗೆ, ಬಂದವರಿಗೆಲ್ಲ ಚಹಾ ಸೋಸುತ್ತಿದ್ದಳು. “ಅಧ್ಯಕ್ಷರೇ, ಇನ್ನಷ್ಟು ಚಹಾ” ಎಂದು ಯಾರೋ ಅಪ್ಪನನ್ನು ಕರೆದರು, ಅಪ್ಪ ಅಡುಗೆಮನೆ ಕಡೆ ತಿರುಗಿ ಕೂಗಿದ.

ಮೊದಲ ಸಭೆಗೆ ಅಪ್ಪ ಅದೇ ಇಸ್ತ್ರಿ ಅಂಗಿಯಲ್ಲಿ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತ. ಮೇಡಂ ಬಂದು ನೋಡಿ, “ಯಜಮಾನ್ರೆ, ನೀವು ಬಂದಿದ್ದು ಚೊಲೊ ಆತು. ಆ ಬೆಂಚಿನ ಮ್ಯಾಲೆ ಕುಂದರ್ರಿ. ಅಧ್ಯಕ್ಷರು ಬರ್ಲಿ, ಶುರು ಮಾಡೂಣು” ಅಂದರು.

“ನಾನು ಬಂದೀನಲ್ರಿ?”

“ಅದಕ್ಕ ಚೊಲೊ ಆತು ಅಂದೆ.”

ಅಪ್ಪ ಬೆಂಚಿಗೆ ಹೋದ. ಎಲ್ಲರೂ ಕಾದರು. ಚಹಾ ಬಂತು, ಕುಡಿದರು, ಮತ್ತೆ ಕಾದರು. ಖಾಲಿ ಕುರ್ಚಿಯನ್ನು ನೋಡಿ ನೋಡಿ ಸಾಕಾಗಿ, ಮುಂದಿನ ವಾರ ಸೇರೋಣ ಎಂದು ಎದ್ದರು. ಅಪ್ಪ ಮನೆಗೆ ಬಂದವನೇ ಅಂಗಳದಲ್ಲಿ ನಿಂತು ಹಾರಾಡಿದ. “ಎದಿ ಸೀಳಿದ್ರ ಎರಡಕ್ಷರ ಇಲ್ಲ, ಈಕಿ ಹೋಗಿ ಸಭಾದಾಗ ಏನು ಮಾತಾಡ್ತಾಳ? ಮೇಡಂಗ ತಲಿ ಕೆಟ್ಟೈತಿ!” ಅವ್ವ ನಾಲ್ಕನೇತ್ತ ಓದಿದ್ದಳು, ಕನ್ನಡ ತೆಲುಗು ಎರಡನ್ನೂ ಓದಬಲ್ಲವಳು. ಅದನ್ನು ಆ ಹೊತ್ತಿಗೆ ನೆನಪಿಸುವ ಧೈರ್ಯ ನನಗೂ ಇರಲಿಲ್ಲ.

ಮಾರನೇ ದಿನ ಭಾನುವಾರ. ಅಪ್ಪನಿಗೆ ಬುತ್ತಿ ತೆಗೆದುಕೊಂಡು ನಾನು ಹೊಲದ ಕಡೆ ಹೋದರೆ, ತೂಬಿನ ಹತ್ತಿರ ದೊಡ್ಡ ರಂಪ. ಅಪ್ಪನ ಪಾಳಿ, ಆದರೆ ಮೇಲಿನ ಹೊಲದವನು ನೀರು ಬಿಟ್ಟಿರಲಿಲ್ಲ. ಆ ಮನುಷ್ಯ ಏರಿಯ ಮೇಲೆ ಬೀಡಿ ಸೇದುತ್ತಾ, “ಯಾಕಲೇ ಇಷ್ಟು ಒದರ್ತಿ? ನಿನ್ನ ನೀರು ನಾನು ನೋಡ್ಕಂತೀನಿ. ನಾನು ಬ್ಯಾರೆಯವ್ನೇನು?” ಅನ್ನುತ್ತಿದ್ದಾನೆ. ಅಪ್ಪ ಕೆಂಡವಾಗಿದ್ದ. “ಪಾಳಿ ನಂದು! ನೀ ಯಾರಲೇ ನನ್ನ ಪಾಳಿ ನೋಡ್ಕಳಾಕ?”

ಅಷ್ಟರಲ್ಲಿ ಬಸ್ಸು ನಿಂತಿತು. ಶಾಲೆಯ ಮೋಟರ್ ಕೆಟ್ಟಿದೆ ಎಂದು ಭಾನುವಾರವೂ ಬಂದಿದ್ದ ಮೇಡಂ ಇಳಿದರು. ಏರಿಯ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಮೇಲಿನವನು ಗೊಣಗುತ್ತಾ ನೀರು ತಿರುಗಿಸಿ ಹೋದ ಮೇಲೆ, ಅಪ್ಪನ ಹತ್ತಿರ ಬಂದರು.

“ಪಾಳಿ ನಿಮ್ದು, ನೀರು ಅಂವ ತಗಂಡ. ನಿಮಗ ಸಿಟ್ಟು ಬಂತು. ನ್ಯಾಯನೇ ಐತಿ ಬಿಡ್ರಿ.”

“ನೋಡ್ರಿ ಮತ್ತ ಮೇಡಂ! ಇಂಥವ್ರಿಗೆ ಏನು ಮಾಡಬೇಕು?”

“ಸಾಲಿಯಾಗ ಪಾಳಿ ನಿಮ್ಮ ಮನಿಯವ್ರದು, ಕುರ್ಚಿ ನೀವು ತಗಂಡ್ರಿ. ಅವರಿಗೆ ಸಿಟ್ಟು ಬಂದೈತೋ ಇಲ್ಲೋ, ಕೇಳೀರೇನು?”

ಅಷ್ಟು ಹೇಳಿ ಅವರು ಮೋಟರ್ ರಿಪೇರಿಗೆ ಹೋದರು. ಅಪ್ಪ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಬಾಯಿಗಿಡದೆ ಕೂತ. ಮೇಲಿನ ಹೊಲದವನನ್ನು ಜನ್ಮದಲ್ಲಿ ಅಪ್ಪ ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿರಲಿಲ್ಲ. ತಾನೂ ಅವನೂ ಒಂದೇ ಎಂದು ಯಾರಾದರೂ ಹೇಳಿದರೆ ಊಟ ಹೇಗೆ ಇಳಿದೀತು?

ಸಂಜೆ ಮನೆಗೆ ಬಂದವನು ಕಾಲು ತೊಳೆದುಕೊಂಡು, ಅವ್ವ ಅಕ್ಕಿ ಆರಿಸುತ್ತಿದ್ದಲ್ಲಿಗೆ ಹೋಗಿ ನಿಂತ. “ನಿನಗ ಸಿಟ್ಟು ಬಂದೈತೇನು?”

ಅವ್ವ ತಲೆ ಎತ್ತದೆ, “ಯಾವುದಕ್ಕ? ಮೊದ್ಲಿಂದ ಹೇಳ್ಲೇನು?” ಅಂದಳು.

ಅಪ್ಪ ಮೊದಲಿನಿಂದ ಕೇಳುವ ಧೈರ್ಯ ಮಾಡಲಿಲ್ಲ. ಮುಂದಿನ ಸಭೆಗೆ ಅವ್ವ ಹೋದಳು. ಕುರ್ಚಿಯ ತುದಿಯಲ್ಲಿ, ಬಿದ್ದುಹೋಗುವಂತೆ ಕೂತಳಂತೆ. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ಕೂತು, ಕಿಟಕಿಯ ಕಡೆಗೇ ಕಿವಿ ಇಟ್ಟಿದ್ದನಂತೆ. ಆ ಸಭೆಯಲ್ಲಿ ಅವ್ವ ಒಂದೇ ಮಾತಾಡಿದಳು. ಹುಡುಗಿಯರ ಪಾಯಖಾನೆಗೆ ಒಳಗಿನಿಂದ ಚಿಲಕ ಇಲ್ಲ ಅಂದಳು. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಎದ್ದ ಗಂಡಸರಿಗೆ ಯಾರಿಗೂ ಅದು ಹೊಳೆದಿರಲಿಲ್ಲ. ಮೇಡಂ ಸಭೆ ಮುಗಿದ ಕೂಡಲೆ ಬ್ಯಾಗಿನಿಂದ ಸ್ಕ್ರೂಡ್ರೈವರು ತೆಗೆದರು.

ಆಮೇಲೆ ಬಂತು ಆಗಸ್ಟ್ ಹದಿನೈದು. ಸಮಿತಿಯ ಅಧ್ಯಕ್ಷರೇ ಧ್ವಜ ಏರಿಸುವುದು ನಮ್ಮ ಶಾಲೆಯ ಪದ್ಧತಿ. ಅವ್ವ ಒಲ್ಲೆ ಅಂದಳು, ಹಗ್ಗ ಜಗ್ಗಿ ರೂಢಿ ಇಲ್ಲ ಅಂದಳು. ಮೇಡಂ ಎರಡು ದಿನ ಸಂಜೆ ನಮ್ಮ ಮನೆಗೆ ಬಂದು ಅಂಗಳದ ಕಂಬಕ್ಕೆ ಹಗ್ಗ ಕಟ್ಟಿ, ಅಪ್ಪನ ಧೋತರವನ್ನೇ ಧ್ವಜ ಮಾಡಿ, ಮಡಿಸುವುದು, ಗಂಟು ಹಾಕುವುದು, ಎಳೆದು ಬಿಚ್ಚುವುದು ಎಲ್ಲ ಮಾಡಿಸಿದರು. ನಮ್ಮ ಧೋತರ ಏರಿ ಬಿಚ್ಚಿಕೊಂಡಾಗಲೆಲ್ಲ ಓಣಿಯ ಮಕ್ಕಳು ಸಲ್ಯೂಟ್ ಹೊಡೆದವು. ಅಪ್ಪ ಮರುದಿನ ಉಡಲು ಬೇರೆ ಹುಡುಕಬೇಕಾಯಿತು.

ಅವತ್ತು ಊರಿಗೆ ಊರೇ ಸೇರಿತ್ತು. ನಾನು ಪರೇಡಿನ ಸಾಲಿನಲ್ಲಿದ್ದೆ. ಅವ್ವ ಬಿಳಿ ಸೀರೆ ಉಟ್ಟು ಬಂದು ಹಗ್ಗ ಹಿಡಿದು ಎಳೆದಳು. ಧ್ವಜ ಮೇಲೇರಿತು, ಆದರೆ ಬಿಚ್ಚಲಿಲ್ಲ. ಪಿ.ಟಿ. ಮೇಷ್ಟ್ರು ಎಂದಿನಂತೆ ಎರಡು ಸುತ್ತು ಜಾಸ್ತಿ ಬಿಗಿದಿದ್ದರು. ಮತ್ತೊಮ್ಮೆ ಎಳೆದಳು, ಇಲ್ಲ. ಹಿಂದಿನಿಂದ ಯಾರೋ, “ಗಂಡಸರು ಯಾರರೆ ಹೋಗ್ರಪ್ಪ” ಅಂದರು. ಅಪ್ಪ ಟವೆಲು ಕೊಡವಿ ದಾಪುಗಾಲು ಹಾಕಿ ಹೊರಟೇಬಿಟ್ಟ. ನನಗೆ ಅಳು ಬಂತು.

ಮೇಡಂ ಕದಲಲಿಲ್ಲ. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದರು: “ಯಜಮಾನ್ರೆ, ಪಾಳಿ ಯಾರ್ದು?”

ಅಪ್ಪ ನಿಂತ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ಮುಂದಿನ ಸಾಲಿನ ರೈತರೆಲ್ಲ ಕಿಸಕ್ಕನೆ ನಕ್ಕರು. ಆ ಮಾತನ್ನು ಅಪ್ಪನ ಬಾಯಲ್ಲಿ ತೂಬಿನ ಹತ್ತಿರ ಕೇಳದವರು ಊರಲ್ಲಿ ಯಾರೂ ಇರಲಿಲ್ಲ. “ಆಕಿದು” ಅಂದ ಅಪ್ಪ, ಮತ್ತೆ ಹೋಗಿ ತನ್ನ ಜಾಗದಲ್ಲಿ ನಿಂತ. ಅವ್ವ ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟು, ಅಂಗಳದಲ್ಲಿ ಕಲಿತಂತೆ ಒಮ್ಮೆ ಜಗ್ಗಿದಳು. ಧ್ವಜ ಬಿಚ್ಚಿಕೊಂಡಿತು. ಚೆಂಡುಹೂವು, ಮಲ್ಲಿಗೆ ಎಲ್ಲಾ ಪಿ.ಟಿ. ಮೇಷ್ಟ್ರ ತಲೆಯ ಮೇಲೆ ಬಿದ್ದವು. ಚಪ್ಪಾಳೆ ಹೊಡೆಯುವಂತಿಲ್ಲ, ಸಲ್ಯೂಟಿನಲ್ಲಿದ್ದೆ. ಇಲ್ಲದಿದ್ದರೆ ಗಂಟೆ ಬಾರಿಸಿದ ಹಾಗೆ ಬಾರಿಸುತ್ತಿದ್ದೆ.

ರಾಷ್ಟ್ರಗೀತೆ ಮುಗಿದ ಮೇಲೆ ಮೇಷ್ಟ್ರು ಮೈಕಿನಲ್ಲಿ, “ಈಗ ಅಧ್ಯಕ್ಷರ ಪರವಾಗಿ ಅವರ ಯಜಮಾನರು ಎರಡು ಮಾತು...” ಎಂದು ಶುರು ಮಾಡುವಷ್ಟರಲ್ಲಿ ಅವ್ವ ಎದ್ದು ಬಂದು ಮೈಕು ಹಿಡಿದಳು.

“ನಾನೇ ಬಂದೀನಲ್ರಿ ಸರ್. ಎಲ್ಲಾರಿಗೂ ನಮಸ್ಕಾರ. ನನಗ ಭಾಷಣ ಬರಂಗಿಲ್ಲ. ಅಧ್ಯಕ್ಷರು ಹೇಳಿದ್ದು ನಡೀಬೇಕು ಅಂತ ನಮ್ಮ ಮನಿಯವ್ರು ಹೇಳ್ತಿರ್ತಾರ. ಅದಕ್ಕ ಒಂದ ಮಾತು ಹೇಳ್ತೀನಿ. ನಮ್ಮೂರಿನ ಹುಡುಗೇರು ಹತ್ತನೇತ್ತ ಆದ ಕೂಡ್ಲೆ ಮನಿಯಾಗ ಕುಂದ್ರಬಾರ್ದು. ನನ್ನ ಮಗಳು ಬಳ್ಳಾರಿಗೆ ಹೋಗಿ ಓದ್ತಾಳ. ಅಷ್ಟ್ರೀ.”

ಜನ ಚಪ್ಪಾಳೆ ಹೊಡೆದರು. ಎಲ್ಲರೂ ಹೊಡೆಯುತ್ತಾರೆಂದು ಅಪ್ಪನೂ ಜೋರಾಗಿ ಹೊಡೆದ. ಯಾವುದಕ್ಕೆ ಹೊಡೆಯುತ್ತಿದ್ದೇನೆ ಎಂದು ನಡುವೆ ತಿಳಿದು, ಎರಡು ಕೈ ಗಾಳಿಯಲ್ಲೇ ನಿಂತವು. ಅಷ್ಟರಲ್ಲಿ ಅಕ್ಕಪಕ್ಕದವರು ಬೆನ್ನು ತಟ್ಟಿ, “ಭಲೇ, ಚೊಲೊ ನಿರ್ಧಾರ ಮಾಡೀರಿ” ಅನ್ನುತ್ತಿದ್ದರು. ಅಪ್ಪ ಮೀಸೆ ತಿರುವಿಕೊಂಡು ಒಪ್ಪಿಕೊಂಡ, ಇನ್ನೇನು ಮಾಡುತ್ತಾನೆ?

ಮನೆಗೆ ಬಂದು, “ಅಲ್ಲಬೇ, ನನಗ ಮನಿಯಾಗ ಒಂದು ಮಾತು ಹೇಳಬಾರದೇನು?” ಎಂದು ಕೇಳಿದ.

“ಮನಿಯಾಗ ಹೇಳಿದ್ರ ನೀವು ಕೇಳ್ತಿದ್ರೇನು?” ಅಂದಳು ಅವ್ವ, ಅನ್ನ ಬಡಿಸುತ್ತಾ.

ಮುಂದಿನ ಜೂನಿನಲ್ಲಿ ನನ್ನ ಟ್ರಂಕು ಹೊತ್ತು ಬಳ್ಳಾರಿಯ ಬಸ್ಸಿಗೆ ಹಾಕಿದ್ದು ಅಪ್ಪನೇ. ಇವತ್ತು ನಾನು ಬಳ್ಳಾರಿಯ ಗಾಂಧಿನಗರದಲ್ಲಿ ಮನೆ ಮಾಡಿಕೊಂಡು ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಟೆಯ ಪಾಳಿ ನನ್ನ ಶಾಲೆಯಲ್ಲೂ ಇದೆ. ಅವತ್ತು ಅವ್ವ ಹಾಗೆ ಹೇಳುತ್ತಾಳೆ ಎಂದು ಗೊತ್ತಿತ್ತೇ ಎಂದು ಮೇಡಂ ಅವರನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ. “ನನಗೇನು ಗೊತ್ತು? ನಾನು ಬರೇ ಕುರ್ಚಿ ಖಾಲಿ ಇಟ್ಟೆ” ಅಂದರು.

ಈಗ ಕುರುಗೋಡಿನ ಸಮಾರಂಭಕ್ಕೆ ಬರುತ್ತೇನೆ. ಅಪ್ಪ, ಅವ್ವ ಇಬ್ಬರೂ ನನ್ನ ಜೊತೆ ಬಂದಿದ್ದರು. ನಮ್ಮ ಕಡೆ ದಂಪತಿಗೆ ಸನ್ಮಾನ ಮಾಡಿದರೆ ಗಂಡನ ತಲೆಗೆ ಪೇಟ, ಹೆಂಡತಿಗೆ ಉಡಿ ತುಂಬುವುದು, ಅಂದರೆ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆ. ಸಮಾರಂಭದವರು ತಲೆ ಕೆಡಿಸಿಕೊಳ್ಳದೆ ಅದೇ ರೂಢಿ ಹಿಡಿದರು. ವೇದಿಕೆಗೆ ಮೇಡಂ ಯಜಮಾನರನ್ನು ಕರೆದು, ಜರಿ ಪೇಟವನ್ನು ಅವರ ತಲೆಗಿಟ್ಟರು. ಲೈನ್‌ಮನ್ ಸಾಹೇಬರು ಕಕ್ಕಾಬಿಕ್ಕಿಯಾಗಿ, “ಅಲ್ರೀ, ನಾನು ರಿಟೈರ್ ಆಗಿ ಬಾಳ ದಿನ ಆತಲ್ರೀ” ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಫೋಟೋದವನು ಅವರನ್ನೇ ನಡುವೆ ನಿಲ್ಲಿಸಿ, ಮೇಡಂಗೆ, “ಅಮ್ಮಾ, ಸ್ವಲ್ಪ ಪಕ್ಕಕ್ಕ ಸರೀರಿ” ಅಂದ. ಮೇಡಂ, ಊರಿಗೆಲ್ಲ ಪಾಳಿ ಕೇಳಿದವರು, ತಮ್ಮದೇ ದಿನದಂದು ಸುಮ್ಮನೆ ಸರಿದು ನಿಂತರು. ತಮ್ಮದಕ್ಕೆ ತಾವೇ ಹೇಗೆ ಬಾಯಿ ಬಿಟ್ಟಾರು? ಎದ್ದು ಏನಾದರೂ ಹೇಳಬೇಕು ಎಂದು ನಾನು ಸೀರೆ ಸರಿಮಾಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನನ್ನ ಪಕ್ಕದಿಂದ, ಕಾಲುವೆಯ ಏರಿಯಿಂದ ಬಂದಂತೆ ಒಂದು ಕೂಗು ಎದ್ದಿತು.

“ಏ! ಪಾಳಿ ಯಾರ್ದ್ರೀ?”

ಅಪ್ಪ ಕೋಲು ಊರಿಕೊಂಡು ಎದ್ದು ನಿಂತಿದ್ದ. ಮೈಕು ಹಿಡಿದವನು ಬಾಯಿ ತೆರೆದು ನೋಡಿದ. “ನಿಮ್ಮನ್ನೇ ಕೇಳಾಕ ಹತ್ತೀನಿ. ಸಾಲಿ ನಡಿಸಿದವ್ರು ಯಾರು? ಪೇಟ ಯಾರ ತಲಿಗೆ ಇಟ್ಟೀರಿ? ನಮ್ಮ ಮೇಲಿನ ಹೊಲದವ್ನೂ ಹಿಂಗ ಮಾಡಂಗಿಲ್ರೀ!”

ಎಲ್ಲರಿಗಿಂತ ಮೊದಲು ನಕ್ಕವರು ಮೇಡಂ ಯಜಮಾನರು. ನಗುತ್ತಲೇ ಪೇಟ ತೆಗೆದು ಕೈ ಚಾಚಿದರು. ಅವ್ವ ಅಷ್ಟರಲ್ಲಿ ಮೆಟ್ಟಿಲು ಹತ್ತಿಯಾಗಿತ್ತು. ಪೇಟವನ್ನು ಇಸಿದುಕೊಂಡು ಮೇಡಂ ತಲೆಗಿಟ್ಟು, ಎರಡೂ ಕೈಯಿಂದ ಒತ್ತಿ ಕೂಡಿಸಿದಳು. ಪೇಟ ದೊಡ್ಡದಾಗಿ ಕನ್ನಡಕದ ಮೇಲೆ ಜಾರಿತು. ಮೇಡಂ ಅದನ್ನು ಹಿಂದಕ್ಕೆ ತಳ್ಳಿಕೊಂಡು ನಗಲು ಹೋದರು. ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ನನ್ನ ಜನ್ಮದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. ಲೈನ್‌ಮನ್ ಸಾಹೇಬರು ತಮ್ಮ ಶಾಲನ್ನೇ ಉಡಿಯಂತೆ ಹಿಡಿದು ನಿಂತು, “ಅಕ್ಕಿ ಕಾಯಿ ಇತ್ಲಾಗ ಹಾಕ್ರಿ, ಮನಿಯಾಗ ಅಡಿಗಿ ಮಾಡಾವ ನಾನೇ” ಅಂದರು. ಚಪ್ಪಾಳೆ ಬಿದ್ದದ್ದು ಆಗಲೇ. ಈ ಸಲ ಯಾವುದಕ್ಕೆ ಹೊಡೆಯುತ್ತಿದ್ದೇನೆ ಎಂದು ಅಪ್ಪನಿಗೆ ಸ್ಪಷ್ಟ ಗೊತ್ತಿತ್ತು, ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಡೆದ.

ಊಟದ ಹೊತ್ತಿಗೆ ಮೇಡಂ ಪೇಟ ಹಾಕಿಕೊಂಡೇ ನಮ್ಮ ಹತ್ತಿರ ಬಂದರು. ಅಪ್ಪನ ಕೈ ಹಿಡಿದುಕೊಂಡು, “ಏನ್ ಯಜಮಾನ್ರೆ, ನೀರು ಕೊನಿ ಹೊಲಕ್ಕ ಮುಟ್ಟಿತೇನು?” ಎಂದು ಕೇಳಿದರು.

“ಮುಟ್ಟೇತ್ರೀ ಮೇಡಂ” ಅಂದ ಅಪ್ಪ. “ಆದ್ರ ತೂಬಿನ ಹತ್ರ ಒಬ್ರು ಕಾಯ್ಕಂಡು ನಿಂದ್ರಬೇಕ್ರಿ. ಕಣ್ಣು ಮುಚ್ಚಿದ್ರ ಮ್ಯಾಲಿನವ್ರು ತಿರುಗಿಸ್ಕಂತಾರ.”

ಮೇಡಂ ನನ್ನ ಕಡೆ ತಿರುಗಿದರು. ಬ್ಯಾಗು ತೆರೆದು, ಹಿಡಿ ಸವೆದ ಆ ಸ್ಕ್ರೂಡ್ರೈವರನ್ನು ತೆಗೆದು ನನ್ನ ಕೈಯಲ್ಲಿಟ್ಟು, ಪೇಟ ಸರಿಮಾಡಿಕೊಳ್ಳುತ್ತಾ ಊಟದ ಪಂಕ್ತಿಯ ಕಡೆ ಹೊರಟರು.